ಸಪಾರಾಲಿ ಏನಂತಾನೆ?

ಬುರುಲ್ಚಾ ಸಾರಿ-ಕಿಯಾ ಘಾಟಿಯ ಬುಡದಲ್ಲಿರುವ ರಸ್ತೆ ಕ್ಯಾಂಪಿಗೆ ಮುಖ್ಯಸ್ಥೆಯಾಗಿ ಬಂದಾಗ ಕುರಿಮಂದೆಗಳು ಬೇಸಿಗೆಯ ಹುಲ್ಲುಗಾವಲಿನಿಂದ ಕೆಳಗಿಳಿಯುತ್ತಿದ್ದವು. ಇನ್ನೇನು ಹಿಮ ಶುರುವಾಗುವ ಕಾಲ. ಹಿಮ ಬಿತ್ತೆಂದರೆ ಆಚೆ ಕಡೆಯ ಊರುಗಳಿಗೆ ಹಿಟ್ಟು, ಕಲ್ಲಿದ್ದಲು, ಔಷಧಿ ಎಲ್ಲ ಹೋಗಬೇಕಾದ್ದು ಈ ಒಂದೇ ದಾರಿಯಲ್ಲಿ. ಆ ದಾರಿಯ ಹಿಮ ತಳ್ಳುವುದೇ ಕ್ಯಾಂಪಿನವರ ಕೆಲಸ.

ಅವಳು ಹುಟ್ಟಿದ್ದೂ ಇಂಥದೇ ಒಂದು ಘಾಟಿಯ ಕೆಳಗೆ, ಕುರಿ ಕಾಯುವವರ ಮನೆಯಲ್ಲಿ. ರಾಜಧಾನಿ ಬಿಷ್ಕೆಕ್‌ನಲ್ಲಿ ರಸ್ತೆ ಇಂಜಿನಿಯರಿಂಗ್ ಓದಿದಳು. ಆಮೇಲೆ ಎಷ್ಟೋ ವರ್ಷ ಬೆಚ್ಚಗಿನ ಕಚೇರಿಯಲ್ಲಿ ಕೂತು, ಬೇರೆಯವರು ಕಟ್ಟುವ ರಸ್ತೆಗಳಿಗೆ ನಕ್ಷೆ ಬರೆದಳು. ಗಂಡನಿಂದ ಬೇರೆಯಾದ ಮೇಲೆ ಮಗಳನ್ನು ನಾರಿನ್ ಪಟ್ಟಣದಲ್ಲಿ ತಾಯಿಯ ಹತ್ತಿರ ಬಿಟ್ಟು, ತಾನಾಗಿಯೇ ಕೇಳಿ ಈ ಜಾಗ ತಗೊಂಡಳು. "ನಿನಗೇನು ತಲೆ ಕೆಟ್ಟಿದೆಯಾ?" ಅಂದಿದ್ದರು ಕಚೇರಿಯವರು. ಅವಳಿಗಿಂತ ಮುಂಚೆ ಅಲ್ಲಿದ್ದ ಕಚ್ಕಿನ್‌ಬಾಯ್ ಬಡ್ತಿ ಸಿಕ್ಕಿ ಪ್ರಾಂತ್ಯದ ಕಚೇರಿಗೆ ಹೋಗಿದ್ದ. ಇನ್ನು ಮೇಲೆ ಫೋನಿನ ಆ ತುದಿಯಲ್ಲಿ ಅವಳ ಮೇಲಧಿಕಾರಿ ಅವನೇ.

ಮೊದಲ ದಿನ ಬೆಳಿಗ್ಗೆ ಅಡುಗೆಮನೆಯ ಉದ್ದ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿಕೊಂಡು ಕೇಳಿದಳು.

"ಗಾಡಿಗಳು ಹೇಗಿವೆ?"

"ಚೆನ್ನಾಗಿವೆ, ನಾಚಾಲ್ನಿಕ್," ಅಂದ ಒಮುರ್ಜಾಕ್. ಬುಲ್ಡೋಜರ್ ಓಡಿಸುವವರಲ್ಲಿ ಅವನೇ ಹಿರಿಯ. ಮೀಸೆ ಪೂರ್ತಿ ನರೆತಿತ್ತು. ಮುಖ್ಯಸ್ಥರು ಯಾರಾದರೂ ಅವನ ಬಾಯಲ್ಲಿ ನಾಚಾಲ್ನಿಕ್.

"ಏನಾದ್ರೂ ಬೇಕಾ? ಕಡಿಮೆ ಬಿದ್ದಿದೆಯಾ?"

"ಏನಿಲ್ಲ ಎಜೆ, ಎಲ್ಲಾ ಇದೆ," ಅಂದ ತಲಾಯ್. ಕಿರಿಯರಿಗೆಲ್ಲ ಅವಳು ಎಜೆ, ಅಕ್ಕ. ಈ ತಲಾಯ್ ಕ್ಯಾಂಪಿನ ತಮಾಷೆಗಾರ. ಅವನು ಬಾಯಿ ತೆಗೆದರೆ ಉಳಿದವರು ನಗಲಿಕ್ಕೆ ತಯಾರಾಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ.

"ಸರಿ ಹಾಗಾದ್ರೆ. ಹಿಮ ಬಿದ್ದಾಗ ಎರಡು ಗಾಡಿ ಒಟ್ಟಿಗೆ ಮೇಲಿಂದ ಕೆಳಕ್ಕೆ ತಳ್ಳೋಣ. ಏನಂತೀರಿ?"

"ಆಯ್ತು."

"ಬೇರೆ ಯಾರಿಗಾದ್ರೂ ಬೇರೆ ಥರ ಅನ್ಸುತ್ತಾ?"

"ಆಯ್ತು, ಎಜೆ."

ಇಷ್ಟು ಸುಲಭವಾಗಿ ಒಪ್ಪುವ ಜನರನ್ನು ಅವಳು ಕಂಡಿರಲಿಲ್ಲ. ಮನಸ್ಸಿಗೆ ಹಿತವಾಗಬೇಕಿತ್ತು. ಆದರೆ ಕತ್ತಲ ಕೋಣೆಯಲ್ಲಿ ಗೋಡೆ ಇದೆಯೆಂದು ಕೈ ಚಾಚಿದರೆ ಏನೂ ಸಿಗದಂತೆ ಆಯಿತು ಅವಳಿಗೆ. ಮೂಲೆಯಲ್ಲಿ ಅಡುಗೆಯ ತಾಜಿಗುಲ್ ಯಾರ ಕಡೆಗೂ ನೋಡದೆ ಹಿಟ್ಟು ನಾದುತ್ತಿದ್ದಳು. ಗೋಡೆಗೆ ತಗಲಿಸಿದ ವೈರ್‌ಲೆಸ್ ಸುಮ್ಮನೆ ಗರಗರ ಅನ್ನುತ್ತಿತ್ತು.

ಮೊದಲ ಹಿಮ ಬಿದ್ದ ದಿನ ಎರಡು ಗಾಡಿಗಳು ಅವಳು ಹೇಳಿದಂತೆಯೇ ಹೊರಟವು. ಹೋದಷ್ಟೇ ಬೇಗ ವಾಪಸ್ ಬಂದವು.

"ಯಾಕೆ?"

ಒಮುರ್ಜಾಕ್ ಟೋಪಿ ತೆಗೆದು ಹಿಮ ಕೊಡವಿದ. "ಮೂರನೇ ತಿರುವಲ್ಲಿ ಸಪಾರಾಲಿ ಇದ್ದ."

"ಸಪಾರಾಲಿ ಅಂದ್ರೆ ಯಾರು?"

 ತಾಜಿಗುಲ್ ಕೈಯಲ್ಲಿದ್ದ ಬಟ್ಟಲು ಮೇಜಿನ ಮೇಲೆ ಕೂರುವಾಗ ಸ್ವಲ್ಪ ಹೆಚ್ಚೇ ಸದ್ದು ಮಾಡಿತು. ಗಂಡಸರೆಲ್ಲ ತಮ್ಮ ತಮ್ಮ ಚಹಾ ನೋಡಿಕೊಂಡರು.

ಮರುದಿನ ಡೀಸೆಲ್ ತರಲು ಕೆಳಗಿನ ಊರಿಗೆ ಹೋಗುವಾಗ ತಲಾಯ್ ಲಾರಿ ಓಡಿಸುತ್ತ, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. "ತಾಜಿಗುಲ್ ಎಜೆಯ ಗಂಡ. ನಾಲ್ಕು ಚಳಿಗಾಲದ ಹಿಂದೆ ಹಿಮ ಜಾರಿ ಗಾಡಿ ಸಮೇತ ಹೋದ. ಸಿಕ್ಕಿದ್ದು ವಸಂತದಲ್ಲಿ, ಹಿಮ ಕರಗಿದ ಮೇಲೆ. ಸೀಟಲ್ಲಿ ಕೂತ ಹಾಗೇ ಇದ್ದ."

"ಮತ್ತೆ ನಿನ್ನೆ ಇದ್ದ ಅಂದ್ರಲ್ಲ?"

"ವೈರ್‌ಲೆಸ್ಸಲ್ಲಿ ಬರ್ತಾನೆ ಎಜೆ. ಗರಗರ ಅನ್ನೋದ್ರ ಮಧ್ಯೆ. 'ಮೇಲೆ ಬರಬೇಡಿ' ಅಂತಾನೆ."

"ನೀನು ಕೇಳಿದೀಯಾ?"

"ಒಮುರ್ಜಾಕ್ ಬಾಯ್ಕೆ ಕೇಳಿದಾರೆ." ಬಾಯ್ಕೆ ಅಂದರೆ ಅಣ್ಣ. ಆಮೇಲೆ ಗೇರು ಬದಲಿಸಿ, "ನಾನೂ ಕೇಳಿದೀನಿ" ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಬುರುಲ್ಚಾಗೆ ಸಿಟ್ಟು ಬಂತು. ಆಚೆ ಊರುಗಳಲ್ಲಿ ಜನ ಹಿಟ್ಟಿಗೆ ಕಾಯುತ್ತಿರುವಾಗ ಇವರು ದೆವ್ವದ ಕಥೆ ಹೇಳಿಕೊಂಡು ವಾಪಸ್ ಬರುವುದೆಂದರೇನು! ಸಂಜೆ ಎಲ್ಲರನ್ನೂ ಸೇರಿಸಿ, "ನಂಗೆ ಸತ್ತವರ ಸುದ್ದಿ ಬೇಡ. ಏನಿದ್ರೂ ನೇರ ಹೇಳಿ. ನಾನೇನು ನಿಮ್ಮನ್ನ ನುಂಗಿಬಿಡಲ್ಲ," ಅಂದಳು.

"ಆಯ್ತು," ಅಂದರು ಎಲ್ಲರೂ.

ಎದುರಿಗೆ ಹೇಳಲು ಸಂಕೋಚವಿರಬಹುದು ಎಂದು ಅವಳೇ ಒಂದು ಬಿಸ್ಕತ್ತಿನ ಡಬ್ಬಕ್ಕೆ ತೂತು ಕೊರೆದು ಬಾಗಿಲ ಹತ್ತಿರ ಇಟ್ಟಳು. ಹೆಸರು ಬೇಡ, ಮನಸ್ಸಿನಲ್ಲಿದ್ದದ್ದು ಬರೆದು ಹಾಕಿ ಅಂದಳು. ವಾರ ಕಳೆದು ತೆಗೆದು ನೋಡಿದರೆ ಒಂದೇ ಚೀಟಿ. 'ಸೂಪಿಗೆ ಉಪ್ಪು ಜಾಸ್ತಿ.' ಅವಳು ನಗುತ್ತ ಅದನ್ನು ಗಟ್ಟಿಯಾಗಿ ಓದಿಯೇಬಿಟ್ಟಳು.

"ಯಾರದು?" ತಾಜಿಗುಲ್ ಸೌಟು ಹಿಡಿದೇ ಮುಂದೆ ಬಂದಳು. "ನಾಲಿಗೆ ಇಲ್ವಾ? ಪೆನ್ಸಿಲಲ್ಲಿ ಊಟ ಮಾಡ್ತೀರಾ ನೀವು? ಇನ್ಮೇಲೆ ಉಪ್ಪೇ ಹಾಕಲ್ಲ, ತಿನ್ನಿ!"

ಮುಂದೆ ಎಷ್ಟೋ ದಿನ ಉಪ್ಪಿಲ್ಲದ ಸೂಪನ್ನು ತುಟಿ ಪಿಟಕ್ಕೆನ್ನದೆ ಎಲ್ಲರೂ ಕುಡಿದರು. ಡಬ್ಬದಲ್ಲಿ ಮತ್ತೊಂದು ಚೀಟಿ ಬೀಳಲಿಲ್ಲ. ಬಾಯಿ ತೆರೆದವನಿಗೆ ಏನಾಗುತ್ತದೆ ಅನ್ನುವುದನ್ನು ತಾನೇ ಎಲ್ಲರ ಮುಂದೆ ತೋರಿಸಿಕೊಟ್ಟೆ ಎಂದು ಬುರುಲ್ಚಾಗೆ ಹೊಳೆದದ್ದು ತಡವಾಗಿ. ಆಗ ಅವಳಿಗೆ ನಗು ಬರಲಿಲ್ಲ.

ಚಳಿ ಬಲಿಯಿತು. ಒಂದು ದಿನ ಹಿಮ ಬಿದ್ದು ನಿಂತಿತ್ತು. ರಸ್ತೆಗೆ ಅಡ್ಡ ಹಾಕಿದ ಕ್ಯಾಂಪಿನ ಗೇಟಿನ ಹತ್ತಿರ ಲಾರಿಗಳು ಸಾಲುಗಟ್ಟಿದ್ದವು. ಕಚ್ಕಿನ್‌ಬಾಯ್ ಬೆಳಿಗ್ಗೆಯಿಂದ ಫೋನು ಮಾಡುತ್ತಲೇ ಇದ್ದ. ಈ ಸಲ ಬುರುಲ್ಚಾ ತಾನೇ ಒಮುರ್ಜಾಕ್‌ನ ಪಕ್ಕ ಬುಲ್ಡೋಜರಿನ ಚಾಲಕನ ಗೂಡಿಗೆ ಹತ್ತಿ ಕೂತಳು. ಸಪಾರಾಲಿಯನ್ನು ತಾನೂ ನೋಡಿಬಿಡೋಣ ಅನ್ನುವ ಹಟ.

ಒಂದನೇ ತಿರುವು ದಾಟಿತು, ಎರಡನೆಯದೂ ದಾಟಿತು. ಮೂರನೇ ತಿರುವಿಗೆ ಮುಂಚೆ ಒಮುರ್ಜಾಕ್ ಗಾಡಿ ನಿಲ್ಲಿಸಿದ. ಎಡಕ್ಕೆ ಬಿಳಿ ಇಳಿಜಾರು ಮೋಡದೊಳಗೆ ಏರಿಹೋಗಿತ್ತು. ಗಾಳಿ ಇರಲಿಲ್ಲ. ಇಂಜಿನ್ನಿನ ಸದ್ದು ಬಿಟ್ಟರೆ ಜಗತ್ತಿನಲ್ಲಿ ಇನ್ನಾವ ಸದ್ದೂ ಇಲ್ಲವೇನೋ ಅನ್ನುವಂತಿತ್ತು. ಆಗ ಗಾಡಿಯ ವೈರ್‌ಲೆಸ್ ಗರಗರ ಅಂದಿತು, ಯಾರೋ ಮಾತಾಡಲು ಉಸಿರೆಳೆದು ಬಿಟ್ಟ ಹಾಗೆ.

"ಸಪಾರಾಲಿ ಬೇಡ ಅಂತಿದಾನೆ, ನಾಚಾಲ್ನಿಕ್."

ಅವಳಿಗೆ ಭಯವಾಯಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ನಂಗೇನೂ ಕೇಳ್ಸಲಿಲ್ಲ. ನಡೀರಿ."

"ಆಯ್ತು," ಅಂದ ಒಮುರ್ಜಾಕ್.

ಅವನು ಗೇರಿಗೆ ಕೈ ಹಾಕಿದ. ಅದಕ್ಕೆ ಮುಂಚೆ ತನ್ನ ಕಡೆಯ ಬಾಗಿಲಿನ ಚಿಲಕ ತೆಗೆದು ಬಾಗಿಲು ಸ್ವಲ್ಪ ಓರೆ ಮಾಡಿಟ್ಟ. ಆಮೇಲೆ ಅವಳ ಮೇಲಿಂದ ಬಾಗಿ, "ಕ್ಷಮಿಸಿ" ಅನ್ನುತ್ತ ಅವಳ ಕಡೆಯ ಚಿಲಕವನ್ನೂ ತೆಗೆದ, ಹಿಮ ಬಂದರೆ ಹೊರಗೆ ಹಾರಿಕೊಳ್ಳಲು. ಅವನ ತುಟಿಗಳು ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ಊಟ ಮುಗಿದಾಗ, ಪ್ರಯಾಣ ಹೊರಟಾಗ, ಸತ್ತವರ ಮನೆಯಲ್ಲಿ ಹೇಳುವ ಪ್ರಾರ್ಥನೆ ಅದು. ಗಾಡಿ ಮುಂದಕ್ಕೆ ಜಗ್ಗಿತು.

"ನಿಲ್ಲಿಸಿ! ಬಾಯ್ಕೆ, ನಿಲ್ಲಿಸಿ!"

ನಿಂತಿತು.

"ನೀವೊಬ್ರೇ ಆಗಿದ್ರೆ ಹೋಗ್ತಿದ್ರಾ?"

"ಇಲ್ಲ."

"ಮತ್ಯಾಕೆ ಹೇಳ್ಲಿಲ್ಲ?"

ಒಮುರ್ಜಾಕ್ ಅವಳನ್ನೇ ನೋಡಿದ. ನಿಜವಾಗಿಯೂ ಅವನಿಗೆ ಪ್ರಶ್ನೆ ಅರ್ಥವಾದಂತಿರಲಿಲ್ಲ. "ಹೇಳ್ದೆನಲ್ಲ. ಸಪಾರಾಲಿ ಬೇಡ ಅಂತಿದಾನೆ ಅಂತ."

ಅವಳು ತುಂಬ ಹೊತ್ತು ಆ ಇಳಿಜಾರನ್ನು ನೋಡುತ್ತ ಕೂತಳು. ಈಗ ಕಣ್ಣಿಗೆ ಬಿತ್ತು. ಮೇಲೆ ಬಂಡೆಯ ಕೆಳಗೆ, ಹಾಲಿನ ಕೆನೆ ಬಿರಿದಂತೆ ಒಂದು ಗೆರೆ. ಹಿಮ ಜಾರುವ ಮುಂಚಿನ ಬಿರುಕು. ಅವನು ಅದನ್ನು ಮೊದಲೇ ಕಂಡಿದ್ದ. ಕಂಡೂ ಅವಳನ್ನು ಕೂರಿಸಿಕೊಂಡು ಸಾವಿನೊಳಗೆ ಗಾಡಿ ಓಡಿಸಲು ಹೊರಟಿದ್ದ. ಬೇಡ ಅನ್ನುವ ಒಂದು ಮಾತಿಗಿಂತ ಸಾಯುವುದೇ ಅವನಿಗೆ ಹಗುರವಾಗಿತ್ತು.

ವಾಪಸ್ ಬಂದರು. ಮಧ್ಯಾಹ್ನದ ಊಟಕ್ಕೆ ಕೂತಾಗ ಕಿಟಕಿಯ ಗಾಜು ಝಲ್ಲೆಂದಿತು. ಎಲ್ಲರೂ ಅಂಗಳಕ್ಕೆ ಓಡಿ ನೋಡಿದರೆ ಮೂರನೇ ತಿರುವಿನ ಮೇಲೆ ಬಿಳಿ ಹೊಗೆ ಎದ್ದು ನಿಧಾನವಾಗಿ ಹರಡುತ್ತಿತ್ತು.  ಬುರುಲ್ಚಾ ಕೋಟಿಲ್ಲದೆಯೇ ಹೊರಗೆ ಬಂದಿದ್ದಳು. ಒಮುರ್ಜಾಕ್ ತನ್ನ ಕುರಿಚರ್ಮದ ಕೋಟು ತೆಗೆದು ಅವಳ ಹೆಗಲ ಮೇಲೆ ಹಾಕಿ, "ಒಳಗೆ ನಡಿ ಮಗಳೇ, ಚಹಾ ಆರತ್ತೆ," ಅಂದ.

ಮರುದಿನದಿಂದ ಬೆಳಗಿನ ಚಹಾ ಹೊತ್ತಿಗೆ ಅವಳು ಕೇಳುವ ಪ್ರಶ್ನೆ ಬದಲಾಯಿತು. "ಇವತ್ತು ಸಪಾರಾಲಿ ಏನಂತಾನೆ?"

ಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬ ಕೆಮ್ಮಿದ. "ಎರಡನೇ ಗಾಡಿ ಬ್ರೇಕು ಹಿಡೀತಿಲ್ಲ ಅಂತಾನೆ." ಇನ್ನೊಬ್ಬ, "ಮಲಗೋ ಕೋಣೆ ಒಲೆಯ ಹೊಗೆ ಕೊಳವೆ ಬಿರುಕು ಬಿಟ್ಟಿದೆ, ಬೆಳಿಗ್ಗೆ ತಲೆ ಸಿಡಿಯತ್ತೆ ಅಂತಾನೆ" ಅಂದ. ತಾವೇ ಹೇಳಬೇಕಾಗಿದ್ದರೆ ಯಾವ ಕಾಲಕ್ಕೂ ಹೊರಬೀಳದಿದ್ದ ಮಾತುಗಳು ಸತ್ತವನ ಬಾಯಿಂದ ಒಂದೊಂದಾಗಿ ಹೊರಬಂದವು. ಬ್ರೇಕು ರಿಪೇರಿಯಾಯಿತು. ಹೊಸ ಕೊಳವೆ ಬಂತು. ಎರಡು ಗಾಡಿ ಒಟ್ಟಿಗೆ ಹೋಗುವ ಅವಳ ಯೋಜನೆಯೇ ಕೆಟ್ಟದ್ದು, ಮೇಲಿನ ಗಾಡಿ ತಳ್ಳಿದ ಹಿಮ ಕೆಳಗಿನದರ ಮೇಲೆ ಬೀಳುತ್ತದೆ ಎಂದು ಸಪಾರಾಲಿ ಹೇಳಿದ. ಅದೂ ಬದಲಾಯಿತು. ಒಂದು ದಿನ ತಲಾಯ್ ಧೈರ್ಯ ಮಾಡಿ, "ಎಜೆ ಪ್ರಶ್ನೆ ಕೇಳೋವಾಗ್ಲೇ ಉತ್ತರ ಬಾಯಲ್ಲಿ ಇಟ್ಕೊಂಡಿರ್ತಾರೆ ಅಂತಾನೆ ಸಪಾರಾಲಿ," ಅಂದ. ಅವಳ ಕಿವಿ ಕೆಂಪಾಯಿತು. "ಹೌದಾ?" ಅಂದಳು. "ಹೌದಂತೆ," ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಕೆಲಸ ಸಲೀಸಾಯಿತು. ಆದರೆ ಅವಳ ನಿದ್ದೆ ಹೋಯಿತು. ತಾನು ಎಂದೂ ನೋಡದೇ ಇದ್ದ ಮನುಷ್ಯನೊಬ್ಬ ಮೇಜಿನ ತುದಿಯಲ್ಲಿ ಬಂದು ಕೂರುತ್ತಿದ್ದಾನೆ ಅನ್ನಿಸುತ್ತಿತ್ತು. ಅವನಿಗೆ ಯಾವ ಮುಖ ಕೊಡಬೇಕೋ ತಿಳಿಯದೆ, ಹಿಮದಲ್ಲಿ ಸೀಟಿನ ಮೇಲೆ ಕೂತ ಬೆನ್ನು ಮಾತ್ರ ಕಣ್ಣಿಗೆ ಕಟ್ಟುತ್ತಿತ್ತು. ಗಾಡಿಯ ಗೂಡಿನಲ್ಲಿ ಕೇಳಿದ ಆ ಉಸಿರು ನಿಜವಾಗಿಯೂ ವೈರ್‌ಲೆಸ್ಸಿನದ್ದೇ? ಯಾರನ್ನೂ ಕೇಳುವಂತಿರಲಿಲ್ಲ. ಅವಳೂ ಮೌನ ಕಲಿತಿದ್ದಳು.

ಶುಕ್ರವಾರ ಬಂದರೆ ತಾಜಿಗುಲ್ ಬೋರ್ಸೋಕ್ ಅನ್ನುವ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದಳು. ಸತ್ತವರಿಗೆ ಊಟ ಮುಟ್ಟುವುದಿಲ್ಲ, ಕರಿದ ಹಿಟ್ಟಿನ ವಾಸನೆ ಮುಟ್ಟುತ್ತದೆ. ಅದಕ್ಕೇ ಅಲ್ಲಿನ ಮನೆಗಳಲ್ಲಿ ಶುಕ್ರವಾರ ಬಾಣಲೆ ಇಡುತ್ತಾರೆ. ಅಂಥ ಒಂದು ಶುಕ್ರವಾರ, ಎಣ್ಣೆ ಕಾಯುತ್ತಿದ್ದಾಗ, ಬುರುಲ್ಚಾ ಅಭ್ಯಾಸಬಲದಿಂದ, "ಸರಿ, ಸಪಾರಾಲಿ ಏನಂತಾನೆ?" ಅಂದಳು.

ತಾಜಿಗುಲ್ ಕರಿಯುವ ಜಾಲರಿ ಸೌಟನ್ನು ನೆಲಕ್ಕೆ ಎಸೆದಳು.

"ಏನಂತಾನೆ, ಏನಂತಾನೆ! ಏನೂ ಅನ್ನಲ್ಲ ಅವನು! ಬದುಕಿದ್ದಾಗ್ಲೇ ಒಂದು ಮಾತು ಅನ್ನಲಿಲ್ಲ. ಸತ್ತ ಮೇಲೆ ಅವನ ಬಾಯಿಗೆ ಎಷ್ಟು ಮಾತು ತುರುಕ್ತೀರಿ! ಬ್ರೇಕು ಅವನು ಹೇಳ್ಬೇಕು, ಒಲೆ ಅವನು ಹೇಳ್ಬೇಕು! ನಾಲ್ಕು ವರ್ಷದಿಂದ ರಜ ಇಲ್ಲ ಅವನಿಗೆ!"

"ಎಜೆ, ನಾನು..." ಬುರುಲ್ಚಾ ಎದ್ದು ನಿಂತಳು.

"ಕೂತ್ಕೋ ಬುರುಲ್ಚಾ. ನೇರ ಹೇಳಿ, ನೇರ ಹೇಳಿ ಅಂತಿದ್ಯಲ್ಲ, ಕೇಳು." ತಾಜಿಗುಲ್ ಗೋಡೆಯ ಕಡೆ ಬೆರಳು ತೋರಿಸಿದಳು. "ಅವತ್ತು ಈ ವೈರ್‌ಲೆಸ್ ಅಲ್ಲೇ ಇತ್ತು. ನಾನು ಇಲ್ಲೇ ಹಿಟ್ಟು ನಾದ್ತಾ ಇದ್ದೆ. ಇವರೆಲ್ಲ ಇಲ್ಲೇ ಕೂತಿದ್ರು. ಕಚ್ಕಿನ್‌ಬಾಯ್ ಹೋಗು ಅಂದ. ಇವನು ಆಯ್ತು ಅಂದ. ಹೋದ. ತಿರುವಿನ ಹತ್ರ ಹೋಗಿ ಒಂದ್ಸಲ ಕರೆದ. 'ನಾಚಾಲ್ನಿಕ್' ಅಂದ. ಅಷ್ಟೇ. 'ಏನು?' ಅಂತ ಕಚ್ಕಿನ್‌ಬಾಯ್ ಗದರಿದ. ಅವನು 'ಏನಿಲ್ಲ' ಅಂದ. 'ಏನಿಲ್ಲ, ಆಯ್ತು' ಅಂದ. ಆಯ್ತು ಅಂದ, ಆಗೇ ಹೋಯ್ತು."

ಎಣ್ಣೆ ಹೊಗೆಯಾಡುತ್ತಿತ್ತು. ತಲಾಯ್ ಎದ್ದು ಬಾಣಲೆ ಇಳಿಸಿದ.

"ಆ ಏನಿಲ್ಲದ ಒಳಗೆ ಏನಿತ್ತು ಅಂತ ನಾನು ದಿನಾ ಹಿಟ್ಟು ನಾದ್ತಾ ಯೋಚಿಸ್ತೀನಿ. ಬೆಳಿಗ್ಗೆ ಅವನು ಚಹಾ ಕುಡೀಲಿಲ್ಲ. ನಾನು ಯಾಕೆ ಅಂತ ಕೇಳ್ಲಿಲ್ಲ. ಇವರೆಲ್ಲ ಇಳಿಜಾರು ನೋಡಿದ್ರು. ಯಾರೂ ಹೇಳ್ಲಿಲ್ಲ. ಈಗ ಅವನ ಕೈಲಿ ಹೇಳಿಸ್ತೀರಿ. ಬಿಡಿ ಅವನನ್ನ. ನಿಮ್ಮ ಮಾತು ನೀವು ಆಡಿ."

ಮೊದಲು ಬಾಯಿ ತೆರೆಯಬೇಕಾದವಳು ತಾನೇ ಎಂದು ಬುರುಲ್ಚಾಗೆ ಗೊತ್ತಿತ್ತು. "ಅವತ್ತು ಗಾಡಿಯಲ್ಲಿ ಒಮುರ್ಜಾಕ್ ಬಾಯ್ಕೆ ಬೇಡ ಅಂದ್ರು. ನಾನು ನಡೀರಿ ಅಂದೆ. ನಂಗೆ ಭಯ ಆಗಿತ್ತು. ಭಯ ಆಗಿದ್ದು ಗೊತ್ತಾಗಬಾರದು ಅಂತ ನಡೀರಿ ಅಂದೆ. ನಾನೂ ಕಚ್ಕಿನ್‌ಬಾಯ್ ಆಗಿಬಿಡ್ತಿದ್ದೆ."  

ಒಮುರ್ಜಾಕ್ ಮೀಸೆ ಒರೆಸಿಕೊಂಡ. ತಾಜಿಗುಲ್‌ಳ ಮುಖ ನೋಡದೆ, ಮೇಜಿನ ಮರಕ್ಕೆ ಹೇಳಿದ. "ಬಿರುಕು ನಾನು ಸಪಾರಾಲಿ ಹೋಗೋ ಹಿಂದಿನ ದಿನವೇ ನೋಡಿದ್ದೆ. ಅದಕ್ಕೆ ಹಿಂದಿನ ವರ್ಷ ಒಂದ್ಸಲ ಹೋಗೋದು ಬೇಡ ಅಂತ ಹೇಳಿದ್ದೆ ಕಚ್ಕಿನ್‌ಬಾಯ್‌ಗೆ. 'ಮುದುಕನಿಗೆ ಕೈ ನಡುಗತ್ತೆ, ಇನ್ಮೇಲೆ ಗುದ್ದಲಿ ಕೊಡಿ' ಅಂತ ಎಲ್ಲರ ಮುಂದೆ ಅಂದ. ಇಡೀ ಚಳಿಗಾಲ ಗುದ್ದಲಿ ಹಿಡಿಸಿದ. ಮತ್ತೆ ಗುದ್ದಲಿ ಕೊಡ್ತಾನೆ ಅಂತ ಸುಮ್ಮನಿದ್ದೆ, ತಾಜಿಗುಲ್. ಗುದ್ದಲಿಗೆ ಹೆದರಿ."

ಆಮೇಲೆ ತಲಾಯ್ ಹೇಳಿದ. ಇನ್ನಿಬ್ಬರು ಹೇಳಿದರು. ಒಬ್ಬ ಅತ್ತ. ತಾಜಿಗುಲ್ ಯಾರನ್ನೂ ಕ್ಷಮಿಸಿದೆ ಅನ್ನಲಿಲ್ಲ. ಸೌಟು ತೊಳೆದು ತಂದು ಬಾಣಲೆಯನ್ನು ಮತ್ತೆ ಒಲೆಯ ಮೇಲಿಟ್ಟಳು.

ಅಂದಿನಿಂದ ಆ ಪ್ರಶ್ನೆ ನಿಂತಿತು. ಬುರುಲ್ಚಾ ಬೆಳಿಗ್ಗೆ ಬಂದು ಕೂತು ಎಲ್ಲರಿಗಿಂತ ಕಿರಿಯನ ಕಡೆ ನೋಡಿ ಸುಮ್ಮನಿರುತ್ತಿದ್ದಳು. ತನಗೆ ಅನ್ನಿಸಿದ್ದನ್ನು ಎಲ್ಲರದೂ ಮುಗಿದ ಮೇಲೆ ಹೇಳುತ್ತಿದ್ದಳು. ಆ ಮೌನ ಕಷ್ಟದ್ದು. ಎಷ್ಟೋ ಸಲ ನಾಲಿಗೆ ಕಚ್ಚಿಕೊಳ್ಳಬೇಕಾಗುತ್ತಿತ್ತು. ಮೊದಮೊದಲು ಚಹಾ ಹೀರುವ ಸದ್ದೊಂದೇ. ಸತ್ತವನ ನೆರಳಿಲ್ಲದೆ ಮಾತಾಡಲು ಅವರಿಗೆ ಬೆತ್ತಲೆ ನಿಂತಂತೆ ಆಗುತ್ತಿತ್ತೇನೋ. ಒಂದು ಮಾತನ್ನು ಮಾತ್ರ ಅವಳು ಸ್ಪಷ್ಟವಾಗಿ ಹೇಳಿದ್ದಳು. ಯಾರೇ ಒಬ್ಬ ಬೇಡ ಅಂದರೂ ಅವತ್ತು ರಸ್ತೆ ಮುಚ್ಚುತ್ತದೆ. ಯಾಕೆ ಅಂತ ಕೇಳಬಹುದು, ಯಾಕಂದೆ ಅಂತ ಗದರುವ ಹಾಗಿಲ್ಲ.

ವಸಂತದ ನೋರುಜ್ ಹಬ್ಬಕ್ಕೆ ಮುಂಚೆ ಅದರ ಪರೀಕ್ಷೆ ಬಂತು. ಆಕಾಶ ತೊಳೆದಂತಿತ್ತು. ಗೇಟಿನ ಈಚೆ ಹಬ್ಬದ ಸಾಮಾನಿನ ಲಾರಿಗಳು, ಕುರಿ ತುಂಬಿದ ಗಾಡಿಗಳು, ಒಂದು ಮದುವೆಯ ದಿಬ್ಬಣ ಕೂಡ ನಿಂತಿತ್ತು. ಒಮುರ್ಜಾಕ್ ತಲಾಯ್‌ನ ಜೊತೆ ಹೋಗಿ ನೋಡಿ ಬಂದು, "ಹೋಗಬಹುದು" ಅಂದ. ಬುರುಲ್ಚಾಗೂ ಹಾಗೇ ಕಂಡಿತು. ಆಗ ತಲಾಯ್ ಎದ್ದು ನಿಂತ. ಅವನ ಮುಖದಲ್ಲಿ ಎಂದಿನ ನಗು ಇರಲಿಲ್ಲ.

"ಎಜೆ, ನಾನು ಹೋಗಲ್ಲ. ನಂಗೆ ಆ ಇಳಿಜಾರು ಸರಿ ಕಾಣ್ತಿಲ್ಲ."

"ಏನು ಕಂಡಿತು?"

"ಏನೂ ಕಾಣ್ಲಿಲ್ಲ. ಕಾಲಡಿ ಟೊಳ್ಳು ಅನ್ನಿಸ್ತು. ನಂಗೇ... ನಂಗೇ ಅನ್ನಿಸ್ತು."

ನಂಗೇ ಅನ್ನುವ ಆ ಮಾತು ಹೊರಗೆ ಬರುವಷ್ಟರಲ್ಲಿ ಅವನು ಬೆವರಿದ್ದ. ಬುರುಲ್ಚಾ ಒಮುರ್ಜಾಕ್‌ನ ಮುಖ ನೋಡಿದಳು. ಅವನು ಭುಜ ಕುಣಿಸಿದ. ಅವಳು ಹೊರಗೆ ಹೋಗಿ ಗೇಟಿಗೆ ಬೀಗ ಹಾಕಿದಳು.

ಲಾರಿಯವರು ಬೈದ ಬೈಗುಳ ಗುಡ್ಡಕ್ಕೆ ಬಡಿದು ವಾಪಸ್ ಬಂತು. ಮದುಮಗನ ಚಿಕ್ಕಪ್ಪ ಕುಡಿದು ಬಂದು, "ಹೆಂಗಸನ್ನ ತಂದು ಘಾಟಿ ಮೇಲೆ ಕೂರಿಸಿದ್ರೆ ಹೀಗೇ!" ಎಂದು ಗೇಟು ಒದ್ದ. ಕಚ್ಕಿನ್‌ಬಾಯ್ ಫೋನಿನಲ್ಲಿ ಕೂಗಿದ. "ಯಾರು ಹೇಳಿದ್ದು? ಯಾರವನು? ಹೆಸರು ಹೇಳು!"

"ನಾನು ಮುಚ್ಚಿಸಿದ್ದು," ಅಂದಳು ಬುರುಲ್ಚಾ.

ಅವತ್ತು ಏನೂ ಜಾರಲಿಲ್ಲ. ಮರುದಿನವೂ ಜಾರಲಿಲ್ಲ. ಇಳಿಜಾರು ಬಿಸಿಲಲ್ಲಿ ಹೊಳೆಯುತ್ತ ಹಾಗೇ ನಿಂತಿತ್ತು. ತಲಾಯ್ ಕಿಟಕಿಯ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದ. ಬೀಳು, ಬೀಳು ಎಂದು ಬೇಡಿಕೊಳ್ಳುವವನಂತೆ. ಕೊನೆಗೆ ರಸ್ತೆ ತೆರೆದರು. ಲಾರಿಗಳು ಹಾರನ್ ಹೊಡೆಯುತ್ತ ಸುಖವಾಗಿ ದಾಟಿಹೋದವು.

ಊಟದ ಹೊತ್ತಿಗೆ ಎಲ್ಲರ ಕಣ್ಣೂ ಅವಳ ಮೇಲೆಯೇ. ಈಗ ಇವನಿಗೆ ಏನು ಮಾಡುತ್ತಾಳೆ ಅಂತ. ಬುಲ್ಡೋಜರ್ ಕಿತ್ತುಕೊಳ್ಳುತ್ತಾಳೋ, ಗುದ್ದಲಿ ಕೊಡುತ್ತಾಳೋ, ಇಲ್ಲ ಒಂದು ತಮಾಷೆ ಮಾಡಿ ಬಿಟ್ಟುಬಿಡುತ್ತಾಳೋ. ತಮಾಷೆಯೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಅವಳಿಗೆ ಈಗ ಗೊತ್ತಿತ್ತು.

"ನಾನು ತಪ್ಪು ಹೇಳ್ದೆ, ಎಜೆ," ಅಂದ ತಲಾಯ್.

"ಇರಬಹುದು. ನಾಳೆ ಮತ್ತೆ ಹಾಗನ್ನಿಸಿದ್ರೆ ಏನ್ಮಾಡ್ತೀಯ?"

 "ಹೇಳ್ತೀನಿ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

"ಈ ಸಲಕ್ಕಿಂತ ಕಷ್ಟ ಆಗತ್ತೆ. ಆದ್ರೂ ಹೇಳ್ತೀನಿ."

"ಹೇಳು. ನಾನೂ ಮುಚ್ತೀನಿ," ಅಂದಳು. ತಾಜಿಗುಲ್ ಯಾರೂ ಕೇಳದೆಯೇ ತಲಾಯ್‌ನ ಬಟ್ಟಲಿಗೆ ಇನ್ನೊಂದು ತುಂಡು ಮಾಂಸ ಹಾಕಿದಳು.

ಆದರೆ ಮೇಲಿನವರು ಬಿಡಲಿಲ್ಲ. ಹಬ್ಬ ಕಳೆದ ಮೇಲೆ ಪ್ರಾಂತ್ಯದ ಕಚೇರಿಗೆ ಕರೆಸಿದರು. ಹಸಿರು ಬಟ್ಟೆ ಹಾಸಿದ ಮೇಜಿನ ಹಿಂದೆ ಕಚ್ಕಿನ್‌ಬಾಯ್ ಕೂತಿದ್ದ. ಊದಿಕೊಂಡ ಮುಖದ ದಪ್ಪ ಮನುಷ್ಯ. ಪಕ್ಕದಲ್ಲಿದ್ದ ಇಬ್ಬರು ಅಧಿಕಾರಿಗಳಿಗೆ ಕೇಳಿಸುವ ಹಾಗೆ ಚೆನ್ನಾಗಿ ಬೈದ. ಕೆಲಸಗಾರರ ಕೈಗೆ ಲಗಾಮು ಕೊಟ್ಟಿದ್ದೀಯ ಅಂದ, ಎಚ್ಚರಿಕೆ ಕೊಟ್ಟಿದೆ ಅಂದ. ಅವಳು ಕೇಳಿಸಿಕೊಂಡಳು. ಮುಗಿದ ಮೇಲೆ ಅವನು ಎದ್ದು, ಕಳಿಸಿಕೊಡುವ ನೆಪದಲ್ಲಿ ಮೆಟ್ಟಿಲವರೆಗೆ ಜೊತೆಗೆ ಬಂದ. ಅಲ್ಲಿ ಯಾರೂ ಇರಲಿಲ್ಲ. ಅವನ ದನಿ ಬೇರೆಯೇ ಆಯಿತು.

"ಆ ವೈರ್‌ಲೆಸ್... ಈಗಲೂ ಕರೆಯುತ್ತಾ?"

ಬುರುಲ್ಚಾ ಬೆಚ್ಚಿದಳು. "ನಿಮಗೂ ಕೇಳ್ಸಿತ್ತಾ?"

"ಅದಕ್ಕೇ ಬಡ್ತಿ ಕೇಳ್ಕೊಂಡು ಇಲ್ಲಿಗೆ ಬಂದೆ. ಇಲ್ಲಿ ವೈರ್‌ಲೆಸ್ ಇಲ್ಲ. ಫೋನಿದೆ." ಅವನು ಮೆಟ್ಟಿಲ ಕಟಕಟೆಯ ಮೇಲೆ ಕೈ ಊರಿದ. "ನೀನೇ ಹೇಳು. ಅವನು ಏನಿಲ್ಲ ಅಂದ. ನಾನು ಏನು ಅಂತ ಕೇಳ್ದೆ, ಅವನು ಏನಿಲ್ಲ ಅಂದ. ಏನಿಲ್ಲ ಅಂದ್ರೆ ನಾನೇನ್ಮಾಡ್ಲಿ? ಒಂದು ಮಾತು ಆಡಿದ್ರೆ ನಿಲ್ಲಿಸ್ತಿದ್ದೆ."

"ನಿಲ್ಲಿಸ್ತಿದ್ರಾ?"

ಅವಳು ಗದರಿ ಕೇಳಲಿಲ್ಲ, ಕುಹಕದಿಂದಲೂ ಕೇಳಲಿಲ್ಲ. ಬೆಳಗಿನ ಚಹಾ ಹೊತ್ತಿಗೆ ಕಾಯುವ ಹಾಗೆಯೇ ಕಾದಳು. ಕೆಳಗೆ ಯಾರೋ ಬಾಗಿಲು ತೆರೆದು ಹಾಕಿದರು. ಕಚ್ಕಿನ್‌ಬಾಯ್ ಎರಡು ಸಲ ಬಾಯಿ ತೆರೆದು ಮುಚ್ಚಿದ.

"ಇಲ್ಲ," ಅಂದ.

ಆ ಮಾತು ಆಡಿದ ಮೇಲೆ ಅವನು ಅವಳ ಮುಖ ನೋಡಲಿಲ್ಲ. ತಿರುಗಿ ಕಾರಿಡಾರಿನಲ್ಲಿ ನಡೆದುಹೋದ. ಕೋಟಿನೊಳಗೆ ಮನುಷ್ಯ ಸಣ್ಣಗಾದಂತೆ ಕಂಡ. ಬುರುಲ್ಚಾ ಬಸ್ಸಿನಲ್ಲಿ ಕೂತು ವಾಪಸ್ ಬರುವಾಗ ಇದನ್ನು ತಾಜಿಗುಲ್‌ಗೆ ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಹೇಳಿದಳು. ತಾಜಿಗುಲ್ ಕೇಳಿಸಿಕೊಂಡು, ಕೈಯ ಹಿಟ್ಟು ಉಜ್ಜಿ ತೆಗೆಯುತ್ತ, "ಅವನಿಗೇ ಹೇಳೋಕೆ ಹೇಳು, ನಂಗೆ," ಅಂದಳು. ಬುರುಲ್ಚಾ ಫೋನು ಮಾಡಿ ಆ ಮಾತನ್ನು ಇದ್ದಂತೆ ಮುಟ್ಟಿಸಿದಳು. ಆ ತುದಿಯಲ್ಲಿ ಫೋನು ಇಟ್ಟ ಸದ್ದಾಯಿತು.

ಅವಳು ಆ ಕ್ಯಾಂಪಿನಲ್ಲಿ ಇನ್ನೂ ಹಲವು ಚಳಿಗಾಲ ಇದ್ದಳು. ಬೆಳಗಿನ ಅಡುಗೆಮನೆ ಗದ್ದಲದ ಜಾಗವಾಯಿತು. ಒಮುರ್ಜಾಕ್‌ಗೂ ತಲಾಯ್‌ಗೂ ಇಳಿಜಾರಿನ ಬಗ್ಗೆ ಜಗಳ. ಅವಳ ತೀರ್ಮಾನಗಳ ಬಗ್ಗೆ ಎಲ್ಲರಿಗೂ ಒಂದೊಂದು ದೂರು. ಕೆಲವು ದಿನ ಅವಳಿಗೆ ಆ ಹಳೆಯ ಮೌನವೇ ವಾಸಿಯಿತ್ತು ಅನ್ನಿಸಿದ್ದೂ ಉಂಟು. ರಸ್ತೆ ಮುಚ್ಚಿದ ದಿನಗಳು ಜಾಸ್ತಿಯಾದವು. ಬಡ್ತಿ ಅವಳಿಗೆ ಸಿಗಲಿಲ್ಲ. ಅವಳ ಕಾಲದಲ್ಲಿ ಮೂರನೇ ತಿರುವು ಇನ್ನೊಬ್ಬರನ್ನು ತಗೊಳ್ಳಲಿಲ್ಲ.

ಆ ಮೊದಲ ವರ್ಷದ ಬೇಸಿಗೆಯ ಆರಂಭದಲ್ಲಿ, ಹಿಮ ಕರಗಿ ರಸ್ತೆಯಂಚಿನಲ್ಲಿ ನೀರು ಹರಿಯುತ್ತಿದ್ದಾಗ, ಕೆಳಗಿನ ಊರಿನಲ್ಲಿ ಒಂದು ಕಾರು ತಾಜಿಗುಲ್‌ಳ ಮನೆಯ ಮುಂದೆ ನಿಂತಿತ್ತು ಎಂದು ತಲಾಯ್ ಓಡಿ ಬಂದು ಹೇಳಿದ. ಕಚ್ಕಿನ್‌ಬಾಯ್ ಇಳಿದು ಬೇಲಿಯ ಹತ್ತಿರ ತುಂಬ ಹೊತ್ತು ನಿಂತಿದ್ದನಂತೆ. ಆಮೇಲೆ ಬಾಗಿಲು ತೆರೆಯಿತಂತೆ.

ಮರುದಿನ ತಾಜಿಗುಲ್ ಎಂದಿನಂತೆ ಕೆಲಸಕ್ಕೆ ಬಂದಳು. ಕಣ್ಣು ಊದಿತ್ತು. ಎಲ್ಲರೂ ಕಾಯುತ್ತಿದ್ದರು, ಯಾರೂ ಕೇಳಲಿಲ್ಲ. ಬುರುಲ್ಚಾ ಹತ್ತಿರ ಹೋಗಿ ನಿಂತಳು.

"ಚಹಾ ಕೊಟ್ಟೆ," ಅಂದಳು ತಾಜಿಗುಲ್. "ಊಟಕ್ಕೆ ಕೂರು ಅನ್ನಲಿಲ್ಲ."

"ಏನಂದ, ಎಜೆ?"

ತಾಜಿಗುಲ್ ಹಿಟ್ಟಿನ ಚೀಲ ಬಿಚ್ಚುತ್ತ ತಲೆಯಾಡಿಸಿದಳು. "ಅದು ನನ್ನ ಹತ್ರ ಇರ್ಲಿ."

ಬುರುಲ್ಚಾ ಮತ್ತೆ ಕೇಳಲಿಲ್ಲ. ಅಂಗಿಯ ತೋಳು ಮಡಿಸಿಕೊಂಡು, ಅವಳ ಪಕ್ಕದಲ್ಲಿ ನಿಂತು ಈರುಳ್ಳಿ ಸುಲಿಯಲು ಶುರುಮಾಡಿದಳು.